ಹಳೇ ಎಸ್‌ಯುವಿ ತಗೊಂಡ್ರಾ? ಒಂದ್ಸಲ ಅಡಿ ಬಗ್ಗಿ ನೋಡಿ

ಡೆಟ್ರಾಯಿಟ್ ಸುತ್ತಮುತ್ತ ಹೊಸದಾಗಿ ಬಂದ ಕುಟುಂಬಗಳಿಗೆ

ನೋವೈ, ಕ್ಯಾಂಟನ್, ಟ್ರಾಯ್, ಫಾರ್ಮಿಂಗ್ಟನ್ ಹಿಲ್ಸ್ ಎಲ್ಲೇ ಇಳಿಯಿರಿ, ಮನೆ ಸಿಕ್ಕ ಮೇಲೆ ಮೊದಲ ದೊಡ್ಡ ಖರ್ಚು ಗಾಡಿಯದೇ. ಇಲ್ಲಿ ಬಸ್ಸು ನಂಬಿಕೊಂಡು ಸಂಸಾರ ನಡೆಸೋಕೆ ಆಗಲ್ಲ. ಮಕ್ಕಳ ಕಾರ್ ಸೀಟು ಎರಡು, ಬೇಸಿಗೆಗೆ ಊರಿಂದ ಅಪ್ಪ ಅಮ್ಮ ಬರುತ್ತಾರೆ, ಮೇಲಿಂದ ಹಿಮ ಬೇರೆ. ಹಾಗಾಗಿ ಎಲ್ಲರೂ ಸೆಕೆಂಡ್ ಹ್ಯಾಂಡ್ ಎಸ್‌ಯುವಿಗೇ ಹೋಗುತ್ತಾರೆ: ಹೋಂಡಾ ಸಿಆರ್-ವಿ, ಟೊಯೋಟಾ ರಾವ್4, ಹೋಂಡಾ ಪೈಲಟ್, ಟೊಯೋಟಾ ಹೈಲ್ಯಾಂಡರ್. ಒಳ್ಳೇ ಆಯ್ಕೆಗಳೇ.

ಆದರೆ ಊರಿನ ಕಣ್ಣಲ್ಲಿ ಗಾಡಿ ನೋಡಬೇಡಿ. ನಾವು ಬಣ್ಣ ನೋಡುತ್ತೇವೆ, ಸೀಟು ನೋಡುತ್ತೇವೆ, ಎಸಿ ಹಾಕಿ ನೋಡುತ್ತೇವೆ, ಮೈಲೇಜ್ ಎಷ್ಟು ಕೊಡುತ್ತೆ ಅಂತ ಕೇಳುತ್ತೇವೆ. ಬೆಂಗಳೂರಲ್ಲಿ ಅಷ್ಟು ಸಾಕಾಗುತ್ತಿತ್ತೇನೋ. ಇಲ್ಲಿ ಗಾಡಿ ಸಾಯೋದು ಕೆಳಗಿನಿಂದ.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿರಲ್ಲ. ಮಿಶಿಗನ್‌ನಲ್ಲಿ ನಮ್ಮ ಖಾಸಗಿ ಗಾಡಿಗಳಿಗೆ ವರ್ಷಕ್ಕೊಮ್ಮೆ ತಪಾಸಣೆ ಅಂತ ಏನೂ ಇಲ್ಲ. ಎಫ್‌ಸಿ ಇಲ್ಲ, ಎಮಿಷನ್ ಚೀಟಿಯೂ ಇಲ್ಲ. ಹಿಂದಿನ ಮಾಲೀಕ ಹತ್ತು ವರ್ಷ ಓಡಿಸಿದ್ದರೆ, ಆ ಹತ್ತು ವರ್ಷವೂ ಯಾರೂ ಅದರ ಅಡಿ ನೋಡಿಲ್ಲದೇ ಇರಬಹುದು. ನೀವೇ ನೋಡಿಸಬೇಕು.

ತುಕ್ಕು

ಡೆಟ್ರಾಯಿಟ್ ಊರಿನ ಅಡಿಯಲ್ಲಿ ಸುಮಾರು 1,200 ಅಡಿ ಆಳದಲ್ಲಿ ಉಪ್ಪಿನ ಗಣಿ ಇದೆ. ತಮಾಷೆಯಲ್ಲ, ನಿಜ. ಅಲ್ಲಿಂದ ತೆಗೆದ ಉಪ್ಪನ್ನು ಚಳಿಗಾಲದಲ್ಲಿ ರಸ್ತೆಗೆ ಸುರಿಯುತ್ತಾರೆ, ಹಿಮ ಕರಗಲಿ ಅಂತ. ಆ ಉಪ್ಪುನೀರು ಗಾಡಿಯ ಅಡಿಗೆ ಎರಚಿ, ಸಂದುಗೊಂದಿಗೆಲ್ಲ ಸೇರಿಕೊಂಡು, ಏಪ್ರಿಲ್ ಬಂದರೂ ಅಲ್ಲೇ ಕೂತಿರುತ್ತದೆ.

ಆದ್ದರಿಂದ ಗಾಡಿ ತಗೊಂಡ ಮೊದಲ ವಾರವೇ, ಮಾರಿದವರಿಗೆ ಸಂಬಂಧವಿಲ್ಲದ ಒಬ್ಬ ಮೆಕ್ಯಾನಿಕ್ ಹತ್ತಿರ ಲಿಫ್ಟ್ ಮೇಲೆ ಎತ್ತಿಸಿ. ತಗೊಳ್ಳೋಕೆ ಮೊದಲೇ ಎತ್ತಿಸಿದ್ದರೆ ಇನ್ನೂ ಒಳ್ಳೇದಿತ್ತು, ಹೇಳಿದರೆ ಯಾರು ಕೇಳುತ್ತಾರೆ. ನೀವೂ ಅವರ ಜೊತೆ ಕೆಳಗೆ ನಿಂತು ನೋಡಿ, ವೇಟಿಂಗ್ ರೂಮಲ್ಲಿ ಕಾಫಿ ಕುಡಿಯುತ್ತಾ ಕೂರಬೇಡಿ. ಮೇಲ್ಮೈ ಕೆಂಪಗಿದ್ದರೆ ಗಾಬರಿ ಬೇಡ, ಇಲ್ಲಿನ ಎಲ್ಲ ಗಾಡಿಗೂ ಅಷ್ಟಿರುತ್ತದೆ. ಹಪ್ಪಳದ ಹಾಗೆ ಪದರ ಪದರ ಎದ್ದಿದ್ದರೆ ಅದು ಬೇರೆ ಕಥೆ. ಬಾಗಿಲ ಕೆಳಗಿನ ಪಟ್ಟಿ, ಹಿಂದಿನ ಚಕ್ರದ ಕಮಾನು, ಸಸ್ಪೆನ್ಷನ್ ಕೂರುವ ಸಬ್‌ಫ್ರೇಮ್, ಈ ಮೂರು ಕಡೆ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿಸಿ. ಗಟ್ಟಿ ಲೋಹ ಟಣ್ ಅನ್ನುತ್ತದೆ. ಕೊಳೆತದ್ದು ಥಪ್ ಅನ್ನುತ್ತದೆ, ಕೆಲವೊಮ್ಮೆ ಪುಡಿ ಉದುರುತ್ತದೆ.

ಅಡಿಯಲ್ಲಿ ಹೊಸ ಕಪ್ಪು ಬಣ್ಣ ಪಳಪಳ ಹೊಳೆಯುತ್ತಿದ್ದರೆ ಖುಷಿಪಡಬೇಡಿ. ಹಳೇ ಗಾಡಿಗೆ ಹೊಸ ಕಪ್ಪು ಯಾಕೆ ಬಂತು ಅಂತ ಕೇಳಿ. ನಮ್ಮ ಮನೆಗೆ ಬಂದ ಮೊದಲ ಗಾಡಿಗೆ ಹಾಗೇ ಹೊಡೆದಿದ್ದರು, ಮಾರಿದವನು ಅದನ್ನೇ ದೊಡ್ಡ ಉಪಕಾರ ಅನ್ನೋ ಹಾಗೆ ಹೇಳಿದ್ದ. ಚಳಿ ಶುರುವಾದ ಹೊಸತರಲ್ಲಿ ಅಂಗಡಿ ಪಾರ್ಕಿಂಗ್‌ನಲ್ಲಿ ಬ್ರೇಕ್ ಒತ್ತಿದರೆ ಪೆಡಲ್ ಸೀದಾ ನೆಲಕ್ಕೆ ಹೋಯಿತು. ಬ್ರೇಕ್ ಎರಡು ಭಾಗವಾಗಿ ಇರೋದರಿಂದ ಒಂದು ಭಾಗ ಕೆಲಸ ಮಾಡಿತು, ಗಾಡಿ ನಿಂತಿತು. ಆಮೇಲೆ ಎತ್ತಿ ನೋಡಿದರೆ, ಪೆಟ್ರೋಲ್ ಟ್ಯಾಂಕಿನ ಮೇಲೆ ಹಾದುಹೋಗುವ ಉಕ್ಕಿನ ಬ್ರೇಕ್ ಪೈಪ್ ತುಕ್ಕು ಹಿಡಿದು ಒಡೆದಿತ್ತು. ಆ ಪೈಪು ಒಂದು ಪ್ಲಾಸ್ಟಿಕ್ ಮುಚ್ಚಳದ ಹಿಂದೆ ಇರುತ್ತದೆ, ಉಪ್ಪಿನ ಕೆಸರು ಅಲ್ಲೇ ತುಂಬಿಕೊಂಡು ಒಣಗೋದೇ ಇಲ್ಲ. ಕಪ್ಪು ಬಣ್ಣವನ್ನು ಅದರ ಮೇಲೆ ಸುಮ್ನೆ ಬಳಿದಿದ್ದರು ಅಷ್ಟೆ.

ಹಾಗಾಗಿ ಮೆಕ್ಯಾನಿಕ್‌ಗೆ ಬಾಯಿಬಿಟ್ಟು ಹೇಳಿ: ಬ್ರೇಕ್ ಪೈಪ್, ಫ್ಯೂಯೆಲ್ ಪೈಪ್, ಟ್ಯಾಂಕಿನ ಮೇಲಿನ ಭಾಗವೂ ಸೇರಿದ ಹಾಗೆ ನೋಡಿ ಅಂತ. ಬದಲಾಯಿಸಬೇಕಾಗಿ ಬಂದರೆ ತಾಮ್ರ-ನಿಕಲ್ ಮಿಶ್ರಲೋಹದ ಪೈಪು ಹಾಕಿಸಿ, ಅದಕ್ಕೆ ಉಕ್ಕಿನ ಹಾಗೆ ತುಕ್ಕು ಹಿಡಿಯಲ್ಲ.

ಗಾಡಿ ಗಟ್ಟಿಯಾಗಿದ್ದರೆ ಅದನ್ನು ಹಾಗೇ ಉಳಿಸಿಕೊಳ್ಳಿ. ಪ್ರತಿ ಶರತ್ಕಾಲಕ್ಕೆ ಒಮ್ಮೆ ಅಡಿಗೆ ಎಣ್ಣೆಯಂಥ ಲೇಪನ ಹೊಡೆಸಿ, ಕುರಿ ಉಣ್ಣೆಯ ಜಿಡ್ಡಿನಿಂದ ಮಾಡಿದ್ದು ಸಿಗುತ್ತದೆ. ರಬ್ಬರಿನ ಹಾಗೆ ಗಟ್ಟಿಯಾಗುವ ಲೇಪನ ಬೇಡ, ಅದು ಬಿರುಕು ಬಿಟ್ಟರೆ ಒಳಗೆ ನೀರು ಹಿಡಿದುಕೊಳ್ಳುತ್ತದೆ. ಚಳಿಗಾಲದಲ್ಲಿ ಕಾರ್ ವಾಶ್‌ಗೆ ಹೋದರೆ ಅಡಿಗೆ ನೀರು ಹೊಡೆಯುವ ಪ್ಯಾಕೇಜೇ ತಗೊಳ್ಳಿ. ಎರಡು ಮೂರು ಡಾಲರ್ ಉಳಿಸೋಕೆ ಹೋಗಬೇಡಿ.

ರೀಕಾಲ್

ದೋಷ ಇರುವ ಗಾಡಿಗಳನ್ನು ಕಂಪನಿಯೇ ವಾಪಸ್ ಕರೆದು ಸರಿಮಾಡಿಕೊಡೋದೇ ರೀಕಾಲ್. ನಿಮ್ಮ ಗಾಡಿಗೆ ಇದೆಯಾ ಅಂತ ನೋಡೋಕೆ ದುಡ್ಡು ಬೇಡ, ಐದು ನಿಮಿಷ ಸಾಕು, ಆದರೂ ಯಾರೂ ಮಾಡಲ್ಲ. ಗಾಜಿನ ಮೂಲೆಯಲ್ಲಿ ಕಾಣುವ 17 ಅಕ್ಷರ-ಅಂಕೆಗಳ ವಿಐಎನ್ ನಂಬರನ್ನು ಎನ್‌ಎಚ್‌ಟಿಎಸ್‌ಎ ಅನ್ನುವ ಫೆಡರಲ್ ರಸ್ತೆ ಸುರಕ್ಷತಾ ಇಲಾಖೆಯ ವೆಬ್‌ಸೈಟಲ್ಲಿ ಹಾಕಿ ನೋಡಿ. ಬಾಕಿ ಇರುವ ರೀಕಾಲ್ ಕೆಲಸವನ್ನು ಆಯಾ ಕಂಪನಿಯ ಡೀಲರ್ ಪುಕ್ಕಟೆ ಮಾಡಿಕೊಡಬೇಕು, ನೀವು ಎಷ್ಟನೇ ಮಾಲೀಕರಾದರೂ ಸರಿ. ಉಬ್ಬುವಾಗ ಸಿಡಿದು ಲೋಹದ ಚೂರು ಎರಚಬಹುದಾದ ಟಕಾಟಾ ಕಂಪನಿಯ ಏರ್‌ಬ್ಯಾಗ್ ಇರುವ ಗಾಡಿಗಳು ಇನ್ನೂ ಓಡುತ್ತಿವೆ. 2007ರಿಂದ 2011ರವರೆಗಿನ ಸಿಆರ್-ವಿ ಆಗಿದ್ದರೆ ಖಂಡಿತ ನೋಡಿ: ಉಪ್ಪು ಸುರಿಯುವ ರಾಜ್ಯಗಳಲ್ಲಿ ಹಿಂದಿನ ಸಸ್ಪೆನ್ಷನ್ ತೋಳು ಕೂರುವ ಜಾಗ ತುಕ್ಕು ಹಿಡಿಯುತ್ತದೆ ಅಂತ 2023ರಲ್ಲಿ ಹೋಂಡಾ ವಾಪಸ್ ಕರೆದಿದೆ. 2019ರಿಂದ 2021ರ ರಾವ್4 ಹೈಬ್ರಿಡ್ ಆದರೆ, ಹಿಂದಿನ ಮೋಟಾರಿಗೆ ಹೋಗುವ ಹೈ ವೋಲ್ಟೇಜ್ ಕೇಬಲ್ಲಿನ ತುದಿ ತುಕ್ಕು ಹಿಡಿದಿದೆಯಾ ಅಂತ ಕೇಳಿ.

ಎಣ್ಣೆ, ನೀರು, ಬೆಲ್ಟು

ಮಾರಿದವರು ನಿನ್ನೆ ತಾನೇ ಆಯಿಲ್ ಬದಲಾಯಿಸಿದೆ ಅಂದರೂ ನೀವು ಇನ್ನೊಮ್ಮೆ ಬದಲಾಯಿಸಿ. ಯಾವ ಗ್ರೇಡ್ ಅಂತ ಮ್ಯಾನುಯಲ್ ನೋಡಿ. ಇತ್ತೀಚಿನ ಹೋಂಡಾ, ಟೊಯೋಟಾಗಳಿಗೆಲ್ಲ ಹೆಚ್ಚಾಗಿ ತೆಳು ಆಯಿಲ್ಲೇ, 0ಡಬ್ಲ್ಯೂ-20 ಅಥವಾ ಅದಕ್ಕಿಂತ ತೆಳು. "ನಮ್ಮೂರಲ್ಲಿ ದಪ್ಪ ಆಯಿಲ್ ಹಾಕುತ್ತಿದ್ದೆವು" ಅನ್ನೋ ವಾದ ಇಲ್ಲಿ ಬೇಡ. 2017-18ರ ಸಿಆರ್-ವಿ ಟರ್ಬೊ ಆದರೆ ಡಿಪ್‌ಸ್ಟಿಕ್ ಎಳೆದು ಮೂಸಿ ನೋಡಿ. ಚಳಿಯಲ್ಲಿ ಬರೀ ಹತ್ತಿರ ಹತ್ತಿರ ಓಡಾಡಿದ ಗಾಡಿಗಳಲ್ಲಿ ಪೆಟ್ರೋಲ್ ಆಯಿಲ್‌ಗೆ ಸೇರಿ, ಮಟ್ಟ ಮೇಲಿನ ಗೆರೆಯನ್ನೂ ದಾಟಿರುತ್ತದೆ. ಆಯಿಲ್ ಕಡಿಮೆಯಾಗೋದು ಗೊತ್ತು, ಜಾಸ್ತಿಯಾಗೋದೂ ತೊಂದರೆಯೇ.

ಕೂಲೆಂಟ್ ಕಡಿಮೆ ಇದ್ದರೆ ನಲ್ಲಿ ನೀರು ಸುರಿಯಬೇಡಿ. ದಯವಿಟ್ಟು. ಊರಲ್ಲಿ ಘಾಟಿ ಹತ್ತುವಾಗ ಬಾಟಲಿ ನೀರು ಹಾಕಿ ಅಭ್ಯಾಸ, ಗೊತ್ತು. ಇಲ್ಲಿ ಅದು ಹೆಪ್ಪುಗಟ್ಟಿ ಹಿಗ್ಗಿದರೆ ಎಂಜಿನ್ ಬ್ಲಾಕ್ ಸೀಳುತ್ತದೆ. ಅರ್ಧಕ್ಕರ್ಧ ಬೆರೆಸಿದ ಕೂಲೆಂಟ್ ಮೈನಸ್ 34 ಡಿಗ್ರಿ ಫ್ಯಾರನ್‌ಹೀಟ್ ತನಕ ತಡೆಯುತ್ತದೆ. ಹಿಂದಿನವರು ಏನು ಬೆರೆಸಿದ್ದಾರೋ ಗೊತ್ತಿಲ್ಲವಲ್ಲ, ಅಳೆಸಿ ನೋಡಿ. ಗಾಜು ತೊಳೆಯುವ ನೀರಿನ ಡಬ್ಬಕ್ಕೂ ಇದೇ ಮಾತು: ಚಳಿಗಾಲದ ವಾಷರ್ ದ್ರವವೇ ಬೇಕು, ಶಾಂಪೂ ನೀರಲ್ಲ.

ಪೈಲಟ್ ತಗೊಂಡವರು ಟೈಮಿಂಗ್ ಬೆಲ್ಟ್ ಬದಲಾಗಿರುವ ಬಿಲ್ ಕೇಳಿ. ಬಾಯಿಮಾತು ಬೇಡ, ಬಿಲ್. ಸುಮಾರು ಒಂದು ಲಕ್ಷ ಮೈಲಿಗೆ ಬದಲಾಯಿಸುವ ಬೆಲ್ಟು ಅದು, ತುಂಡಾದರೆ ವಾಲ್ವುಗಳು ಪಿಸ್ಟನ್‌ಗೆ ಬಡಿದು ಎಂಜಿನ್ನೇ ಹೋಗುತ್ತದೆ. ಬಿಲ್ ಇಲ್ಲ ಅಂದರೆ ಬದಲಾಗಿಲ್ಲ ಅಂತಲೇ ತಿಳಿದುಕೊಂಡು ಮಾಡಿಸಿ, ಜೊತೆಗೇ ವಾಟರ್ ಪಂಪನ್ನೂ. 2008ರ ನಂತರದ ಹೈಲ್ಯಾಂಡರ್ ವಿ6ನವರಿಗೆ ಈ ಚಿಂತೆ ಇಲ್ಲ, ಅದರಲ್ಲಿ ಚೈನ್. ಸಿಆರ್-ವಿ ಫೋರ್ ವೀಲ್ ಡ್ರೈವ್ ಆಗಿದ್ದು, ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನ ಹೋಗುವಾಗ ಹಿಂದಿನಿಂದ ಗೊರಗೊರ ಅಂದರೆ, ಹಿಂದಿನ ಡಿಫರೆನ್ಷಿಯಲ್ ಆಯಿಲ್ ಬದಲಾಯಿಸಿ, ಹೋಂಡಾದ್ದೇ ಹಾಕಿಸಿ. ಹೆಚ್ಚಾಗಿ ಅಷ್ಟಕ್ಕೇ ನಿಲ್ಲುತ್ತದೆ. ಅದಕ್ಕೇ ಯಾರಾದರೂ ದೊಡ್ಡ ಎಸ್ಟಿಮೇಟ್ ಕೊಟ್ಟರೆ ಎದ್ದು ಬನ್ನಿ.

ಡ್ಯಾಶ್‌ಬೋರ್ಡ್ ದೀಪ

ಎಂಜಿನ್ ಸ್ಟಾರ್ಟ್ ಮಾಡದೆ ಬರೀ ಆನ್ ಮಾಡಿ. ಚೆಕ್ ಎಂಜಿನ್, ಎಬಿಎಸ್, ಏರ್‌ಬ್ಯಾಗ್, ಮೂರೂ ಹತ್ತಬೇಕು, ಎಂಜಿನ್ ಸ್ಟಾರ್ಟ್ ಮಾಡಿದ ಮೇಲೆ ಆರಬೇಕು. ಹತ್ತಲೇ ಇಲ್ಲ ಅಂದರೆ ಯಾರೋ ಕೈಯಾಡಿಸಿದ್ದಾರೆ. ಗಾಡಿಯ ಕಂಪ್ಯೂಟರಿನಲ್ಲಿರುವ ದೋಷದ ಕೋಡ್ ಓದುವ ಒಂದು ಅಗ್ಗದ ಓಬಿಡಿ ಸ್ಕ್ಯಾನರ್ ಇಟ್ಟುಕೊಳ್ಳಿ, ಸ್ಟೀರಿಂಗ್ ಕೆಳಗಿನ ಸಾಕೆಟ್‌ಗೆ ಹಾಕೋದು, 1996ರಿಂದ ಈಚಿನ ಎಲ್ಲ ಕಾರಿಗೂ ಆಗುತ್ತದೆ. ಅದರಲ್ಲಿ ಕೋಡ್ ಇದೆಯಾ ಅಂತ ಮಾತ್ರ ಅಲ್ಲ, ಮಾನಿಟರುಗಳು, ಅಂದರೆ ಗಾಡಿ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಟೆಸ್ಟುಗಳು, ರೆಡಿ ಇವೆಯಾ ಅಂತಲೂ ನೋಡಿ. ಸಾಲಾಗಿ ಹಲವು ಮಾನಿಟರು ರೆಡಿ ಇಲ್ಲ ಅಂತ ತೋರಿಸಿದರೆ, ನಿಮಗೆ ಮಾರುವ ಮುಂಚೆ ಯಾರೋ ಕೋಡ್ ಅಳಿಸಿದ್ದಾರೆ, ಇಲ್ಲವೇ ಬ್ಯಾಟರಿ ಕಳಚಿ ಹಾಕಿದ್ದಾರೆ. ಒಂದು ವಾರ ಓಡಿಸಿ ಮತ್ತೆ ನೋಡಿ, ನಿಜ ಹೊರಬೀಳುತ್ತದೆ.

ಟೈರು, ಬ್ಯಾಟರಿ, ಸ್ಟೆಪ್ನಿ

ಟೈರಿನ ಪಕ್ಕದಲ್ಲಿ ಡಾಟ್ ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕೆ ನೋಡಿ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಹಲ್ಲು ಚೆನ್ನಾಗಿದ್ದರೂ ಹತ್ತು ವರ್ಷದ ಟೈರು ಬೇಡ. ಗಾಳಿ ಎಷ್ಟು ಅಂತ ಡ್ರೈವರ್ ಬಾಗಿಲ ಒಳಗಿನ ಚೀಟಿಯಲ್ಲಿದೆ, ಟೈರಿನ ಮೇಲೆ ಅಚ್ಚಾಗಿರೋದು ಗರಿಷ್ಠ ಮಿತಿ. ಹತ್ತು ಡಿಗ್ರಿ ಫ್ಯಾರನ್‌ಹೀಟ್ ಇಳಿದರೆ ಸುಮಾರು ಒಂದು ಪಿಎಸ್‌ಐ ಇಳಿಯುತ್ತದೆ. ಅದಕ್ಕೇ ಮೊದಲ ಚಳಿಯ ಬೆಳಿಗ್ಗೆ ಎಲ್ಲರ ಗಾಡಿಯಲ್ಲೂ ಟೈರ್ ದೀಪ ಹತ್ತೋದು, ನಮ್ಮ ವಾಟ್ಸಾಪ್ ಗುಂಪಿನಲ್ಲೂ ಅವತ್ತು ಅದೇ ಪ್ರಶ್ನೆ.

ಫೋರ್ ವೀಲ್ ಡ್ರೈವ್ ಇದೆ ಅಂತ ಧೈರ್ಯ ಜಾಸ್ತಿ ಮಾಡಬೇಡಿ. ಅದು ಹೊರಡೋಕೆ ಸಹಾಯ, ನಿಲ್ಲೋಕಲ್ಲ.

ಬ್ಯಾಟರಿ ಮೂರು ವರ್ಷ ದಾಟಿದ್ದರೆ ಅಕ್ಟೋಬರ್ ಒಳಗೆ ಟೆಸ್ಟ್ ಮಾಡಿಸಿ. ಆಟೋ ಪಾರ್ಟ್ಸ್ ಅಂಗಡಿಗಳಲ್ಲಿ ಪುಕ್ಕಟೆ ಮಾಡುತ್ತಾರೆ.

ಪೈಲಟ್, ಹೈಲ್ಯಾಂಡರ್‌ನಂಥ ಮೂರು ಸಾಲಿನ ಗಾಡಿಗಳಲ್ಲಿ ಸ್ಟೆಪ್ನಿ ಹೊರಗೆ, ಅಡಿಯಲ್ಲಿ ನೇತಾಡುತ್ತದೆ. ಇಳಿಸುವ ಕೇಬಲ್ ತುಕ್ಕು ಹಿಡಿದು ಕಚ್ಚಿಕೊಂಡಿರುತ್ತದೆ. ಬಿಸಿಲಿರುವ ಒಂದು ಶನಿವಾರ ಮನೆ ಮುಂದೆ ಇಳಿಸಿ ನೋಡಿ, ಎಣ್ಣೆ ಹಾಕಿ ಮತ್ತೆ ಏರಿಸಿ. ಚಕ್ರದ ನಟ್ಟುಗಳಲ್ಲಿ ಒಂದು ಬೇರೆ ಥರ ಇದ್ದರೆ ಅದು ಕಳ್ಳರಿಗಾಗಿ ಹಾಕಿದ ಲಾಕ್ ನಟ್. ಅದರ ಕೀಲಿ ಗ್ಲವ್ ಬಾಕ್ಸಲ್ಲೋ ಜ್ಯಾಕ್ ಇರುವ ಜಾಗದಲ್ಲೋ ಇರಬೇಕು. ಇಲ್ಲವಾದರೆ ಇವತ್ತೇ ಮಾರಿದವರಿಗೆ ಫೋನ್ ಮಾಡಿ, ಐ-275 ಹೆದ್ದಾರಿ ಪಕ್ಕದಲ್ಲಿ ಪಂಕ್ಚರ್ ಆಗಿ ನಿಂತಾಗ ಅಲ್ಲ.

ಕಾಗದಪತ್ರ

ಖಾಸಗಿಯವರಿಂದ ತಗೊಂಡಿದ್ದರೆ:
- ಟೈಟಲ್ (ಮಾಲೀಕತ್ವದ ಪತ್ರ) ವರ್ಗಾವಣೆ 15 ದಿನದೊಳಗೆ, ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯಲ್ಲಿ (ನಮ್ಮೂರಿನ ಆರ್‌ಟಿಓ ಥರ)
- ಶೇಕಡಾ 6 ತೆರಿಗೆ ಅಲ್ಲೇ ಕಟ್ಟಬೇಕು
- ನಂಬರ್ ಪ್ಲೇಟ್ ಮಾರಿದವರದೇ, ಬಿಚ್ಚಿಕೊಂಡು ಹೋಗುತ್ತಾರೆ, ಜಗಳ ಬೇಡ
- ಇನ್ಶೂರೆನ್ಸ್ ಮೊದಲು, ಓಡಿಸೋದು ಆಮೇಲೆ

ಗಾಡಿ ಪೂಜೆ

ಮಾಡಿ, ಖಂಡಿತ ಮಾಡಿ, ನಿಂಬೆಹಣ್ಣೂ ಇಡಿ. ಅಪಾರ್ಟ್‌ಮೆಂಟ್ ಪಾರ್ಕಿಂಗ್ ಆದರೆ ಆಮೇಲೆ ಗುಡಿಸಿ, ನಮ್ಮವರ ಹೆಸರು ಕೆಡಿಸಬೇಡಿ. ಅರಿಶಿನ ಕುಂಕುಮವನ್ನು ಮುಂದಿನ ಲಾಂಛನದ ಮೇಲೆ ದಪ್ಪಗೆ ಮೆತ್ತಬೇಡಿ. ಈಚಿನ ಬಹಳಷ್ಟು ಟೊಯೋಟಾಗಳಲ್ಲಿ ತಾನಾಗೇ ಬ್ರೇಕ್ ಹಾಕುವ ವ್ಯವಸ್ಥೆಯ ರಾಡಾರ್ ಆ ಲಾಂಛನದ ಹಿಂದೆಯೇ ಇದೆ.

ಮೆಕ್ಯಾನಿಕ್ ಹತ್ತಿರ

ಡಿಯರ್‌ಬಾರ್ನ್, ವಾರನ್, ಆಬರ್ನ್ ಹಿಲ್ಸ್‌ನ ದೊಡ್ಡ ಕಾರ್ ಕಂಪನಿಗಳಲ್ಲಿ ನಮ್ಮ ಕನ್ನಡದ ಎಂಜಿನಿಯರುಗಳು ಬೇಕಾದಷ್ಟು ಜನ ಇದ್ದಾರೆ, ಹೆಮ್ಮೆಯ ಮಾತೇ. ಕೂಟದ ಕಾರ್ಯಕ್ರಮದಲ್ಲಿ ಸಿಕ್ಕಾಗ ಕೇಳಿ, ಸಂಕೋಚ ಬೇಡ. ಆದರೆ ಊಟದ ಸಾಲಲ್ಲಿ ನಿಂತು ಶಬ್ದ ಮಾಡಿ ತೋರಿಸಿದರೆ ಅವರೂ ಏನು ಹೇಳಬೇಕು? ಫೋನಲ್ಲಿ ರೆಕಾರ್ಡ್ ಮಾಡಿಕೊಂಡು ಬನ್ನಿ. ಮಾರುವವರು ಕನ್ನಡದವರು ಅಂತ ತಪಾಸಣೆ ಬಿಡಬೇಡಿ, ಕೇಳಿದರೆ ಅವರೂ ಬೇಜಾರು ಮಾಡಿಕೊಳ್ಳಬಾರದು.

ಮಿಶಿಗನ್‌ನಲ್ಲಿ ರಿಪೇರಿ ಅಂಗಡಿ ರಾಜ್ಯದಲ್ಲಿ ನೋಂದಣಿ ಆಗಿರಬೇಕು. ಸಣ್ಣಪುಟ್ಟದ್ದು ಬಿಟ್ಟರೆ ಉಳಿದ ಕೆಲಸಕ್ಕೆ ಮೊದಲೇ ಬರವಣಿಗೆಯಲ್ಲಿ ಎಸ್ಟಿಮೇಟ್ ಕೊಡಬೇಕು. ಬಿಚ್ಚಿ ತೆಗೆದ ಹಳೇ ಭಾಗಗಳನ್ನು ತೋರಿಸಿ ಅಂತ ಕೇಳುವ ಹಕ್ಕು ನಿಮಗಿದೆ, ಗಾಡಿ ಬಿಡುವಾಗಲೇ ಕೌಂಟರಲ್ಲಿ ಹೇಳಿಬಿಡಿ. ಸಂಜೆ ಹೋಗಿ ಕೇಳಿದರೆ ಕಸದ ಲಾರಿ ಹೋಗಿರುತ್ತದೆ.