ಜಂಕ್ಷನ್ ವಿನ್ಯಾಸ ಕಲಿಯಬಯಸುವವರಿಗೆ
ಸಂಚಾರ ಎಂಜಿನಿಯರಿಂಗ್‌ಗೆ ಸಾಮಾನ್ಯ ದಾರಿಯೆಂದರೆ ಸಿವಿಲ್ ವಿಭಾಗದಲ್ಲಿ ಬಿ.ಇ. ಮುಗಿಸಿ, ಗೇಟ್ ಪರೀಕ್ಷೆ ಬರೆದು, ಸಾರಿಗೆ ಅಥವಾ ಹೆದ್ದಾರಿ ವಿಷಯದ ಎಂ.ಟೆಕ್.ಗೆ ಸೇರುವುದು. ಬಿ.ಇ. ಹಂತದಲ್ಲೇ ಸಂಖ್ಯಾಶಾಸ್ತ್ರವನ್ನು ಗಟ್ಟಿ ಮಾಡಿಕೊಳ್ಳಿ.

ಆದರೆ ಪುಸ್ತಕದ ಜೊತೆಗೆ ರಸ್ತೆಯನ್ನೂ ಓದಲೇಬೇಕು. 1917ರಲ್ಲಿ ಆರಂಭವಾದ ಬೆಂಗಳೂರಿನ ಯುವಿಸಿಇ ಎಂಜಿನಿಯರಿಂಗ್ ಕಾಲೇಜಿನ ಪಕ್ಕದ ಕೆ.ಆರ್. ವೃತ್ತದಂಥ ಕಡೆ ಫುಟ್‌ಪಾತ್ ಮೇಲೆ ನಿಂತು, ಬೆಳಗಿನ ದಟ್ಟಣೆಯಲ್ಲಿ ಎಡಕ್ಕೆ, ನೇರಕ್ಕೆ, ಬಲಕ್ಕೆ ಸಾಗುವ ವಾಹನಗಳನ್ನು 15 ನಿಮಿಷಗಳ ಅವಧಿಗಳಲ್ಲಿ ಬಗೆವಾರಾಗಿ ಎಣಿಸಿ, ಅವನ್ನು ಪಿಸಿಯು (ಪ್ಯಾಸೆಂಜರ್ ಕಾರ್ ಯೂನಿಟ್) ಮಾನಕ್ಕೆ, ಅಂದರೆ ಪ್ರತಿ ಬಗೆಯ ವಾಹನವೂ ಎಷ್ಟು ಕಾರಿಗೆ ಸಮ ಎಂಬ ಲೆಕ್ಕಕ್ಕೆ ಪರಿವರ್ತಿಸಿ. ಬೈಕು, ಆಟೋಗಳೇ ತುಂಬಿರುವ ನಮ್ಮ ರಸ್ತೆಗಳಿಗೆ ವಿದೇಶಿ ಮೌಲ್ಯಗಳು ಹೊಂದುವುದಿಲ್ಲವಾದ್ದರಿಂದ ಭಾರತದ ರಸ್ತೆಗಳ ಸಾಮರ್ಥ್ಯ ಲೆಕ್ಕಹಾಕಲು ರೂಪಿಸಿದ 2017ರ ಇಂಡೋ-ಎಚ್‌ಸಿಎಂ ಕೈಪಿಡಿಯನ್ನು ಬಳಸಿ.

ಮುಂದಿನದು ಸಿಗ್ನಲ್ ಲೆಕ್ಕ. ಎಲ್ಲ ದಿಕ್ಕುಗಳಿಗೂ ಒಮ್ಮೆ ಹಸಿರು ಬಂದು ಮುಗಿಯುವುದೇ ಒಂದು ಸುತ್ತು. ಅದು ಎಷ್ಟು ಸೆಕೆಂಡ್ ಇರಬೇಕೆಂದು ತಿಳಿಯಲು, 1958ರ ವೆಬ್‌ಸ್ಟರ್ ಸೂತ್ರದಂತೆ, ಒಂದು ಸುತ್ತಿನಲ್ಲಿ ಸಿಗ್ನಲ್ ಬದಲಾಗುವಾಗ ವ್ಯರ್ಥವಾಗುವ ಸೆಕೆಂಡುಗಳನ್ನು ಒಂದೂವರೆಯಿಂದ ಗುಣಿಸಿ 5 ಕೂಡಿಸಿ, ಅದನ್ನು 1ರಿಂದ ಒಟ್ಟು ಹರಿವಿನ ಅನುಪಾತ ಕಳೆದು ಉಳಿದದ್ದರಿಂದ ಭಾಗಿಸಬೇಕು. ಪ್ರತಿ ಹಸಿರು ಸರದಿಯಲ್ಲಿ ಅತಿ ದಟ್ಟ ದಾರಿಯ ವಾಹನ ಹರಿವನ್ನು, ಹಸಿರಿನಲ್ಲಿ ಆ ದಾರಿ ಸಾಗಿಸಬಲ್ಲ ಗರಿಷ್ಠ ಹರಿವಿನಿಂದ ಭಾಗಿಸಿ, ಎಲ್ಲ ಸರದಿಗಳದ್ದನ್ನೂ ಕೂಡಿಸಿದರೆ ಈ ಅನುಪಾತ ಸಿಗುತ್ತದೆ. ವ್ಯರ್ಥ ಸಮಯ 12 ಸೆಕೆಂಡ್, ಅನುಪಾತ 0.75 ಆದರೆ ಸುತ್ತು 92 ಸೆಕೆಂಡ್, ಅನುಪಾತ 0.85ಕ್ಕೆ ಏರಿದರೆ ಸುಮಾರು 153! ಅನುಪಾತ 1ನ್ನು ಮುಟ್ಟಿದರೆ ಯಾವ ಸಿಗ್ನಲ್ ಸಮಯವೂ ಸಾಲುವುದಿಲ್ಲ, ಜಂಕ್ಷನ್ನಿನ ಸ್ವರೂಪವನ್ನೇ ಬದಲಿಸಬೇಕಾಗುತ್ತದೆ.

ಪಾದಚಾರಿಗಳ ಲೆಕ್ಕವನ್ನು ಕೊನೆಗೆ ತಳ್ಳಬೇಡಿ. ಸೆಕೆಂಡಿಗೆ 1.2 ಮೀಟರ್ ವೇಗದಲ್ಲಿ 14 ಮೀಟರ್ ರಸ್ತೆ ದಾಟಲು ಸುಮಾರು 12 ಸೆಕೆಂಡ್ ಬೇಕು, 0.8 ಮೀಟರ್ ವೇಗದ ವೃದ್ಧರಿಗೆ 17.5 ಸೆಕೆಂಡ್. ಆಸ್ಪತ್ರೆ, ಮಾರುಕಟ್ಟೆಗಳ ಬಳಿ ಎರಡನೆಯ ಲೆಕ್ಕವನ್ನೇ ಹಿಡಿಯಿರಿ.