ಹಾಯಿದೋಣಿಯಲ್ಲಿ ಪುಟ್ಟ ಗ್ಯಾಸ್ ಡಬ್ಬಿ: ಎಲ್ಲಿಡಬೇಕು, ಹೇಗಿಡಬೇಕು?

ವಾರಾಂತ್ಯಕ್ಕೆ ಬೆಂಗಳೂರಿನಿಂದ ಹೊರಟು ಮಂಗಳೂರು, ಕಾರವಾರ ಅಥವಾ ಗೋವಾದ ಕಡಲಿನಲ್ಲಿ ಹಾಯಿದೋಣಿ ಏರುವವರ ಸಾಮಾನಿನಲ್ಲಿ ಒಂದು ಪುಟ್ಟ ಒಲೆಯೂ ಎರಡು ಮೂರು ಗ್ಯಾಸ್ ಡಬ್ಬಿಗಳೂ ಇರುವುದುಂಟು. ಚಾರಣದ ಸಾಮಗ್ರಿ ಮಾರುವ ಅಂಗಡಿಗಳಲ್ಲಿ ಸಿಗುವುದು ಹೆಚ್ಚಾಗಿ 230 ಗ್ರಾಂ ಆಸುಪಾಸಿನ, ಬ್ಯೂಟೇನ್ ಅಥವಾ ಬ್ಯೂಟೇನ್ ಮತ್ತು ಪ್ರೊಪೇನ್ ಬೆರೆಸಿದ ಡಬ್ಬಿ. ಅಮೆರಿಕದ ಕಡೆಯ ದೋಣಿಗಳಲ್ಲಿ 454 ಗ್ರಾಂ ಪ್ರೊಪೇನ್ ತುಂಬಿದ ಉಕ್ಕಿನ ಡಬ್ಬಿ ಸಾಮಾನ್ಯ. ಯಾವುದೇ ಇರಲಿ, ಅದನ್ನು ಹೊದಿಕೆ, ಅಕ್ಕಿ, ಬೇಳೆಯ ಜೊತೆಗೆ ಕ್ಯಾಬಿನ್ನಿನ ಕಪಾಟಿನಲ್ಲಿ ಸೇರಿಸಿಬಿಡುವುದೇ ಎಲ್ಲಕ್ಕಿಂತ ದೊಡ್ಡ ತಪ್ಪು.

ಕಾರಣ ಸರಳವಾಗಿದೆ. ಪ್ರೊಪೇನ್ ಅನಿಲ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ, ಬ್ಯೂಟೇನ್ ಸುಮಾರು ಎರಡು ಪಟ್ಟು. ಮನೆಯ ಅಡುಗೆಕೋಣೆಯಲ್ಲಿ ಸೋರಿದ ಅನಿಲ ಬಾಗಿಲ ಸಂದಿಯಿಂದಾದರೂ ಹೊರಗೆ ಹರಿದೀತು. ನೀರು ಒಳಬಾರದಂತೆ ಕಟ್ಟಿದ ದೋಣಿಯ ಒಡಲಿನಲ್ಲಿ ಅಂಥ ಸಂದಿಯೇ ಇರುವುದಿಲ್ಲ. ಜೋರು ಮಳೆಯಲ್ಲಿ ನಮ್ಮ ಅಪಾರ್ಟ್‌ಮೆಂಟುಗಳ ಬೇಸ್‌ಮೆಂಟಿಗೆ ನುಗ್ಗಿದ ನೀರು ಪಂಪು ಹಚ್ಚುವವರೆಗೆ ಅಲ್ಲೇ ನಿಲ್ಲುವ ಹಾಗೆ, ಸೋರಿದ ಅನಿಲವೂ ಕ್ಯಾಬಿನ್ ನೆಲದ ಹಲಗೆಗಳ ಕೆಳಗೆ, ನಾವಿಕರು ಬಿಲ್ಜ್ ಎಂದು ಕರೆಯುವ ತಳದಲ್ಲಿ ಇಳಿದು ನಿಲ್ಲುತ್ತದೆ. ಬ್ಯಾಟರಿಯ ತಂತಿಗಳು, ನೀರೆತ್ತುವ ವಿದ್ಯುತ್ ಪಂಪು, ಎಂಜಿನ್ನಿನ ಸ್ಟಾರ್ಟರ್ ಇರುವುದೂ ಬಹುಪಾಲು ಅಲ್ಲಿಯೇ.

ಪ್ರಮಾಣವನ್ನು ಲೆಕ್ಕ ಹಾಕಿದರೆ ಅಪಾಯ ಇನ್ನೂ ಸ್ಪಷ್ಟವಾಗುತ್ತದೆ. 454 ಗ್ರಾಂ ದ್ರವ ಪ್ರೊಪೇನ್ ಪೂರ್ತಿ ಆವಿಯಾದರೆ ಸುಮಾರು 250 ಲೀಟರ್ ಅನಿಲವಾಗುತ್ತದೆ. ಗಾಳಿಯಲ್ಲಿ ಪ್ರೊಪೇನ್ ಶೇ 2.1ರಷ್ಟು ಸೇರಿದರೆ ಸಾಕು, ಕಿಡಿ ತಾಗಿದೊಡನೆ ಹೊತ್ತಿಕೊಳ್ಳುತ್ತದೆ. ಅಂದರೆ ಒಂದೇ ಡಬ್ಬಿ ಸುಮಾರು 12 ಘನ ಮೀಟರ್ ಗಾಳಿಯನ್ನು ಸ್ಫೋಟಕ ಮಿಶ್ರಣವಾಗಿಸಬಲ್ಲದು. ಹತ್ತಡಿಗೆ ಹತ್ತಡಿಯ ಕೋಣೆಯಲ್ಲಿ ನೆಲದಿಂದ ಎದೆಮಟ್ಟದವರೆಗಿನ ಜಾಗ ಅದು, ಸಣ್ಣ ಹಾಯಿದೋಣಿಯೊಂದರ ಇಡೀ ಕ್ಯಾಬಿನ್ನು.

ಆದ್ದರಿಂದ ಮೊದಲ ಹೆಜ್ಜೆ, ಡಬ್ಬಿಗೆ ಕ್ಯಾಬಿನ್ನಿನ ಹೊರಗೆ ಜಾಗ ಗೊತ್ತುಮಾಡುವುದು. ದೋಣಿಯಲ್ಲಿ ಗ್ಯಾಸ್ ಲಾಕರ್, ಅಂದರೆ ಗ್ಯಾಸ್ ಡಬ್ಬಿಗಳಿಗೆಂದೇ ಮಾಡಿದ ಪೆಟ್ಟಿಗೆ, ಇದ್ದರೆ ಅದೇ ಸರಿಯಾದ ಜಾಗ, ಆದರೆ ಅದು ನಿಜವಾಗಿಯೂ ಗ್ಯಾಸ್ ಲಾಕರೇ ಎಂಬುದನ್ನು ನೀವೇ ನೋಡಿ ಖಚಿತಪಡಿಸಿಕೊಳ್ಳಬೇಕು. ಅದರ ಮುಚ್ಚಳ ಮೇಲ್ಭಾಗದಲ್ಲಿದ್ದು ಡೆಕ್ಕಿನ, ಅಂದರೆ ದೋಣಿಯ ತೆರೆದ ಮೇಲ್ತಟ್ಟಿನ, ಕಡೆಗೆ ಮಾತ್ರ ತೆರೆಯಬೇಕು, ದೋಣಿಯ ಒಳಭಾಗಕ್ಕೆ ಎಲ್ಲಿಯೂ ಸಂದು ಇರಬಾರದು, ತಳದಲ್ಲಿ ಕನಿಷ್ಠ ಅರ್ಧ ಅಂಗುಲ ವ್ಯಾಸದ ಬಸಿಗೊಳವೆ ಇರಬೇಕು. ಆ ಕೊಳವೆ ಎಲ್ಲಿಯೂ ತಗ್ಗಿ ನೀರು ನಿಲ್ಲದಂತೆ ಒಂದೇ ಇಳಿಜಾರಿನಲ್ಲಿ ಸಾಗಿ, ನೀರಿನ ಮಟ್ಟಕ್ಕಿಂತ ಮೇಲೆ, ಕಿಟಕಿ ಮತ್ತು ಗಾಳಿಕಿಂಡಿಗಳಿಂದ ದೂರದಲ್ಲಿ ಹೊರಕ್ಕೆ ತೆರೆದುಕೊಳ್ಳಬೇಕು. ಒಂದು ಚೊಂಬು ನೀರು ಸುರಿದರೆ ಅದು ತಡೆಯಿಲ್ಲದೆ ಸಮುದ್ರಕ್ಕೆ ಬೀಳುತ್ತದೆಯೇ ನೋಡಿ. ಹಗ್ಗ, ಲಂಗರು ತುಂಬಿಡುವ ಸಾಧಾರಣ ಪೆಟ್ಟಿಗೆಗಳ ತಳ ಅನೇಕ ದೋಣಿಗಳಲ್ಲಿ ಬಿಲ್ಜಿಗೇ ತೆರೆದಿರುತ್ತದೆ. ಹೊರಗಿನಿಂದ ನೋಡಲು ಎರಡೂ ಒಂದೇ ಬಗೆ.

ಲಾಕರ್ ಇಲ್ಲದ ಸಣ್ಣ ದೋಣಿಯಲ್ಲಿ, ದೋಣಿಯ ಹಿಂತುದಿಯ ಉಕ್ಕಿನ ಕಂಬಿಗೆ ಗಟ್ಟಿ ಕ್ಯಾನ್ವಾಸಿನ ಚೀಲವನ್ನು ಕಟ್ಟಿ, ಅದು ಪೂರ್ತಿ ನೀರಿನ ಕಡೆಗೆ ನೇತಾಡುವಂತೆ ಮಾಡಿ, ಡಬ್ಬಿಗಳನ್ನು ಅದರಲ್ಲಿ ನೆಟ್ಟಗೆ ನಿಲ್ಲಿಸಬಹುದು. ಚೀಲದ ತಳ ಜಾಲರಿಯದಾಗಿರಬೇಕು, ಏಕೆಂದರೆ ಅನಿಲ ಇಳಿದು ಹೋಗಬೇಕಾದದ್ದು ಅಲ್ಲಿಂದಲೇ. ನನಗೆ ಇದು ಲಾಕರಿನಷ್ಟೇ ಒಳ್ಳೆಯ ವ್ಯವಸ್ಥೆಯಾಗಿ ಕಂಡಿದೆ. ಇದರ ಕೊರತೆ ಬಿಸಿಲು. ಪ್ರೊಪೇನ್ ಡಬ್ಬಿಯ ಒಳಗಿನ ಒತ್ತಡ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ವಾತಾವರಣದ ಒತ್ತಡದ ಸುಮಾರು 8 ಪಟ್ಟು ಇದ್ದರೆ, 40 ಡಿಗ್ರಿಯಲ್ಲಿ 13 ಪಟ್ಟನ್ನು ಮೀರುತ್ತದೆ. ಬೆಂಗಳೂರಿನ ಹವೆಗೆ ಒಗ್ಗಿದವರು ಕರಾವಳಿಯ ಏಪ್ರಿಲ್ ಬಿಸಿಲನ್ನು ಕಡಿಮೆ ಅಂದಾಜು ಮಾಡಬಾರದು. ತಿಳಿ ಬಣ್ಣದ ಚೀಲ, ಮೇಲೊಂದು ನೆರಳು ಬೇಕೇ ಬೇಕು.

ಎರಡನೆಯದು, ಬಳಸಿದ ಮೇಲಿನ ಕ್ರಮ. ಅಡುಗೆ ಮುಗಿದೊಡನೆ ಒಲೆಯ ತಿರುಪನ್ನು ಮುಚ್ಚಿ, ಡಬ್ಬಿಯನ್ನು ತೆರೆದ ಡೆಕ್ಕಿಗೆ ಒಯ್ದು ಅಲ್ಲಿಯೇ ಒಲೆಯಿಂದ ಬಿಚ್ಚಿ, ಕ್ಯಾಪ್ ಹಾಕಿ, ಮತ್ತೆ ಚೀಲಕ್ಕೋ ಲಾಕರಿಗೋ ಸೇರಿಸಬೇಕು. ಹೊಸ ಡಬ್ಬಿಗಿಂತ ಅರ್ಧ ಬಳಸಿದ ಡಬ್ಬಿಯ ಬಗ್ಗೆ ಹೆಚ್ಚು ಎಚ್ಚರ ಬೇಕು, ಏಕೆಂದರೆ ಒಮ್ಮೆ ತೆರೆದ ವಾಲ್ವಿನ ರಬ್ಬರಿನಲ್ಲಿ ಉಪ್ಪಿನ ಹರಳೋ ಮರಳಿನ ಕಣವೋ ಸಿಕ್ಕಿಕೊಂಡರೆ ಅದು ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಮನೆಗೆ ಸಿಲಿಂಡರ್ ತಂದವರು ವಾಷರ್ ಸರಿಯಿದೆಯೇ ಎಂದು ನೋಡುವ ಹಾಗೆ, ಇಲ್ಲಿಯೂ ವಾಲ್ವಿನ ಮೇಲೆ ಸೋಪಿನ ನೀರು ಸವರಿ ಒಂದು ನಿಮಿಷ ಗಮನಿಸಬೇಕು. ಗುಳ್ಳೆ ಎದ್ದರೆ ಆ ಡಬ್ಬಿ ದೋಣಿಯಲ್ಲಿ ಇರಕೂಡದು. ಬೆಂಕಿಕಡ್ಡಿ ಹಿಡಿದು ಸೋರಿಕೆ ಪರೀಕ್ಷಿಸುವ ಮಾತೇ ಬೇಡ.

ಉಪ್ಪುಗಾಳಿಗೆ ತೆಳು ಉಕ್ಕು ಬೇಗ ತುಕ್ಕು ಹಿಡಿಯುತ್ತದೆ. ತಳದ ಅಂಚಿನಲ್ಲಿ, ಲೋಹದ ಜೋಡಣೆಯ ಜಾಗದಲ್ಲಿ ತುಕ್ಕು ಕಂಡ ಡಬ್ಬಿಯನ್ನು ಮುಂದಿನ ಪ್ರಯಾಣಕ್ಕೆ ಇಟ್ಟುಕೊಳ್ಳಬಾರದು. ಒಮ್ಮೆ ಬಳಸಲೆಂದು ಮಾಡಿದ ಡಬ್ಬಿಗೆ ಮತ್ತೆ ಗ್ಯಾಸ್ ತುಂಬಿಸಲೂಬಾರದು.

ಸೋರಿಕೆ ಗೊತ್ತಾಗಲೆಂದು ಅನಿಲಕ್ಕೆ ಬೆರೆಸುವ ಮರ್ಕ್ಯಾಪ್ಟನ್ ಎಂಬ ರಾಸಾಯನಿಕದ ವಾಸನೆಯನ್ನೇ ನಂಬಿ ಕೂರುವುದು ಸರಿಯಲ್ಲ. ಅನಿಲ ಕಾಲಬುಡದಲ್ಲಿರುತ್ತದೆ, ಮೂಗು ಮೇಲಿರುತ್ತದೆ, ಡೀಸೆಲ್ ವಾಸನೆ ಅದನ್ನು ಮರೆಸುತ್ತದೆ. ಅನಿಲ ಪತ್ತೆಯ ಸಾಧನವನ್ನು ಕ್ಯಾಬಿನ್ನಿನ ತಗ್ಗು ಜಾಗದಲ್ಲಿ, ನೀರು ತಾಗದಂತೆ ಅಳವಡಿಸಿದರೆ ಒಳ್ಳೆಯದು. ವಾಸನೆ ಬಂದರೆ ಉರಿಯುತ್ತಿರುವುದನ್ನು ಆರಿಸಿ, ಯಾವ ಸ್ವಿಚ್ಚನ್ನೂ ಹಾಕದೆ, ಆರಿಸಲೂ ಹೋಗದೆ, ಎಲ್ಲರನ್ನೂ ಡೆಕ್ಕಿಗೆ ಕರೆತಂದು, ಎಲ್ಲ ಕಿಂಡಿಗಳನ್ನೂ ತೆರೆಯಬೇಕು. ವಿದ್ಯುತ್ ಪಂಪನ್ನಾಗಲಿ ಎಂಜಿನ್ನನ್ನಾಗಲಿ ಚಾಲೂ ಮಾಡಬಾರದು. ಡೆಕ್ಕಿನಿಂದಲೇ ಒತ್ತಬಹುದಾದ ಕೈಪಂಪು ಇದ್ದರೆ ಅದರಿಂದ ತಳದ ಅನಿಲವನ್ನು ಹೊರಹಾಕಬಹುದು. ಕಡಲಿನಲ್ಲಿ ನೆರವಿಗೆ ಕೋಸ್ಟ್ ಗಾರ್ಡ್‌ನ 1554, ದಡದಲ್ಲಿ 112.

ಬೆಂಗಳೂರಿನಿಂದ ಡಬ್ಬಿಗಳನ್ನು ಒಯ್ಯುವಾಗ ವಿಮಾನ, ರೈಲು ಎರಡರಲ್ಲೂ ಅವಕಾಶವಿಲ್ಲ. ಕಾರಿನಲ್ಲಿ ಒಯ್ಯುವವರು ನೆಟ್ಟಗೆ ನಿಲ್ಲಿಸಿ, ಉರುಳದಂತೆ ಕಟ್ಟಿ, ಕಿಟಕಿಯನ್ನು ಸ್ವಲ್ಪ ಇಳಿಸಿಟ್ಟುಕೊಳ್ಳಬೇಕು. ಊಟಕ್ಕೆ ನಿಂತಾಗ ಬಿಸಿಲಿನಲ್ಲಿ ಮುಚ್ಚಿದ ಕಾರಿನೊಳಗೆ ಬಿಟ್ಟು ಹೋಗಬಾರದು. ಮರಳಿ ಬಂದ ಮೇಲೆ ಉಳಿದ ಡಬ್ಬಿಗಳ ಜಾಗ ಬಿಸಿಲು ಬೀಳದ ತೆರೆದ ಬಾಲ್ಕನಿ. ಬೇಸ್‌ಮೆಂಟಿನ ಪಾರ್ಕಿಂಗ್ ಮೂಲೆ ದೋಣಿಯ ತಳಕ್ಕಿಂತ ಬೇರೆಯಲ್ಲ. ಖಾಲಿ ಎನಿಸಿದ ಡಬ್ಬಿಯಲ್ಲೂ ಒಂದಿಷ್ಟು ಅನಿಲ ಉಳಿದಿರುತ್ತದೆ, ಹಾಗಾಗಿ ಅದನ್ನು ಉಳಿದ ಕಸದೊಂದಿಗೆ ಸೇರಿಸದೆ, ಪ್ರತ್ಯೇಕ ಚೀಲದಲ್ಲಿ, ಒಳಗೇನಿದೆ ಎಂದು ಪೌರಕಾರ್ಮಿಕರಿಗೆ ಬಾಯಿಬಿಟ್ಟು ಹೇಳಿ ಕೊಡಬೇಕು. ಕಸವನ್ನು ಒತ್ತುವ ಲಾರಿಯೊಳಗೆ ಅದು ಒಡೆದರೆ ಪೆಟ್ಟಾಗುವುದು ಪಕ್ಕದಲ್ಲಿ ನಿಂತ ಅವರಿಗೆ.