ರಾತ್ರಿ ನೆನೆಸಿ, ಬೆಳಿಗ್ಗೆ ಕುಡಿಯಿರಿ: ಕೊಡಗಿನ ಸೆಕೆಗೆ ಮನೆ ತಂಪು

ಕೊಡಗಿನಲ್ಲೂ ಸೆಕೆಯಾ ಎಂದು ನಗುವವರು ಏಪ್ರಿಲ್‌ನಲ್ಲಿ ಒಮ್ಮೆ ಕುಶಾಲನಗರಕ್ಕೆ ಬರಬೇಕು. ಮಡಿಕೇರಿಯಲ್ಲಾದರೆ ಹೊತ್ತು ಮುಳುಗಿದ ಮೇಲೆ ತಣ್ಣಗಾಗುತ್ತದೆ. ಕೆಳಗಿನ ಊರುಗಳಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ತಡವಾಯಿತೋ, ಕಣದಲ್ಲಿ ಹರವಿದ ಕರಿಮೆಣಸಿನ ಜೊತೆ ನಾವೂ ಒಣಗುತ್ತೇವೆ.

ನಮ್ಮ ತೋಟದ ಮೆಣಸು, ಶುಂಠಿ, ಕಾಫಿ ಎಲ್ಲವೂ ಉಷ್ಣದ ಲೆಕ್ಕಕ್ಕೇ ಸೇರುತ್ತವೆ. ತಂಪಿನ ಕಡೆ ಇರುವುದು ಏಲಕ್ಕಿ. ಉಳಿದದ್ದನ್ನು ಸಾಂಬಾರ ಡಬ್ಬದಲ್ಲೋ ಗದ್ದೆ ಬದಿಯಲ್ಲೋ ಹುಡುಕಬೇಕು.

ಮೊದಲು ಕೊತ್ತಂಬರಿ ಬೀಜ. ಕುದಿಸದೆ, ತಣ್ಣೀರಲ್ಲಿ ನೆನೆಸಿ ತೆಗೆಯುವ ಕಷಾಯಕ್ಕೆ ಆಯುರ್ವೇದದಲ್ಲಿ ಹಿಮ ಎಂದು ಹೆಸರು. ಒಂದು ಪಾಲು ಬೀಜಕ್ಕೆ ಆರು ಪಾಲು ನೀರು, ಇಷ್ಟೇ ಲೆಕ್ಕ. 25 ಗ್ರಾಂ ಬೀಜ ತೆಗೆದುಕೊಂಡರೆ 150 ಮಿಲಿ ನೀರು. ಬೀಜವನ್ನು ಹುರಿಯಬೇಡಿ. ಕುಟ್ಟಾಣಿಯಲ್ಲಿ ಎರಡು ಏಟು ಕೊಟ್ಟು ಬಿರಿಸಿದರೆ ಸಾಕು. ನುಣ್ಣಗೆ ಪುಡಿ ಮಾಡಿದರೆ ಬೆಳಿಗ್ಗೆ ಸೋಸುವಾಗ ಗೊತ್ತಾಗುತ್ತದೆ ಕಷ್ಟ! ಕುದಿಸಿ ಆರಿಸಿದ ನೀರು ಹಾಕಿ, ಮುಚ್ಚಿಡಿ. ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿ, ಚೂರು ಕಲ್ಲುಸಕ್ಕರೆ ಸೇರಿಸಿ ಇಬ್ಬರು ಹಂಚಿಕೊಂಡು ಕುಡಿಯಿರಿ. ಬಾಯಾರಿಕೆಗೆ, ಮೈ ಉರಿಗೆ ಹಳಬರು ಕೊಡುತ್ತಿದ್ದುದು ಇದನ್ನೇ. ಬೀಜದ ಘಮವೆಲ್ಲ ಅದರ ಎಣ್ಣೆಯಲ್ಲಿದೆ. ಕುದಿಸಿದರೆ ಅದು ಆವಿಯ ಜೊತೆ ಹೋಗಿಬಿಡುತ್ತದೆ. ನಾಳೆಗೆ ಎತ್ತಿಡಬೇಡಿ, ಹುಳಿ ಬರುತ್ತದೆ.

ಮಧ್ಯಾಹ್ನದ ಊಟಕ್ಕೆ ಒಂದೆಲಗದ ತಂಬುಳಿ ಮಾಡಿ. ಒದ್ದೆ ಜಾಗದ ಸೊಪ್ಪು ಅಲ್ವಾ, ಬೇರಿನ ಮಣ್ಣು ಹೋಗುವವರೆಗೆ ತೊಳೆಯಿರಿ. ಮದ್ದು ಹೊಡೆದ ಗದ್ದೆ ಬದಿಯದ್ದು ಬೇಡವೇ ಬೇಡ. ಒಂದು ಹಿಡಿ ಸೊಪ್ಪು, ಅರ್ಧ ಚಮಚ ಜೀರಿಗೆ, ಎರಡೇ ಕಾಳು ಮೆಣಸನ್ನು ತುಪ್ಪದಲ್ಲಿ ಬಾಡಿಸಿ, ತೆಂಗಿನತುರಿ ಜೊತೆ ರುಬ್ಬಿ ಮಜ್ಜಿಗೆಗೆ ಬೆರೆಸಿ. ತಂಪಿಗೆ ಮೆಣಸ್ಯಾಕೆ ಅಂತೀರಾ? ರಾಮನವಮಿ ಪಾನಕಕ್ಕೂ ಹಾಕುತ್ತೇವಲ್ಲ, ಜೀರ್ಣಕ್ಕೆ.

ಕಾಮಕಸ್ತೂರಿ ಬೀಜ ಸುಲಭ: ಒಂದು ಚಮಚಕ್ಕೆ ಒಂದು ಲೋಟ ನೀರು, ಇಪ್ಪತ್ತು ನಿಮಿಷ. ಒಣ ಬೀಜ ಬಾಯಿಗೆ ಹಾಕಬೇಡಿ, ಗಂಟಲಲ್ಲಿ ಉಬ್ಬುತ್ತದೆ. ಪುನರ್ಪುಳಿ ಶರಬತ್ತೂ ಒಳ್ಳೆಯದೇ. ಆದರೆ ಅದು ಸಿಗಲಿಲ್ಲವೆಂದು, ಹಣ್ಣಿನ ರಸ ಬತ್ತಿಸಿ ಮಾಡುವ ಕಾಚಂಪುಳಿಯ ಬಾಟಲಿಗೆ ಕೈ ಹಾಕಬೇಡಿ. ಎರಡೂ ಹತ್ತಿರದ ಜಾತಿಯ ಮರಗಳೇ, ಆದರೂ ಆ ಕಪ್ಪು ಹುಳಿ ಪಂದಿಕರಿಗೇ ಇರಲಿ.

ಸಕ್ಕರೆ ಕಾಯಿಲೆಗೆ, ಬಿಪಿಗೆ ಮಾತ್ರೆ ತಗೊಳ್ಳುವವರು, ಗರ್ಭಿಣಿಯರು ಇವನ್ನೆಲ್ಲ ದಿನಾ ಕುಡಿಯುವ ಮೊದಲು ವೈದ್ಯರನ್ನು ಕೇಳಬೇಕು. ಬಿಸಿಲಲ್ಲಿ ಕೆಲಸ ಮಾಡಿದವರ ಮೈ ಕಾದು, ಮಾತು ತಡವರಿಸಿದರೆ ಕೊತ್ತಂಬರಿ ನೀರು ಹುಡುಕುತ್ತಾ ಕೂರಬೇಡಿ. ನೆರಳಿಗೆ ಕರೆತಂದು, ಮೈಗೆ ನೀರು ಹಾಕಿ, ಆಸ್ಪತ್ರೆಗೆ ಓಡಿ.

ನನಗೆ ಇಷ್ಟವಾದದ್ದು ಲಾವಂಚ. ಗ್ರಂಥಿಗೆ ಅಂಗಡಿಯಲ್ಲಿ ಸಿಗುತ್ತದೆ. ಮೊದಲ ಸಲ ತಂದಾಗ ಸರಿಯಾಗಿ ತೊಳೆಯದೆ ಹಾಕಿದ್ದೆ. ಮನೆಯವರೆಲ್ಲ ಕೆಸರು ನೀರು ಕುಡಿದರು! ನಾಲ್ಕೈದು ಸಲ ತೊಳೆದು, ಒಂದು ಹಿಡಿ ಬೇರನ್ನು ತೆಳು ಬಟ್ಟೆಯಲ್ಲಿ ಕಟ್ಟಿ, ಕುದಿಸಿ ಆರಿಸಿದ ನೀರಿರುವ ಮಣ್ಣಿನ ಮಡಕೆಯಲ್ಲಿ ಮುಳುಗಿಸಿ. ದಿನಾ ನೀರು ಬದಲಿಸಿ. ಮೂರನೇ ದಿನ ಗಂಟು ಬಿಚ್ಚಿ ಬೇರನ್ನು ಬಿಸಿಲಿಗೆ ಹಾಕಿ, ಒಣಗಿದ ಮೇಲೆ ಮತ್ತೆ ಬಳಸಿ. ನೀರಿಗೆ ಘಮ ಬಿಡುವುದು ನಿಂತಾಗ ಎಸೆಯಬೇಡಿ. ಚೆನ್ನಾಗಿ ಒಣಗಿಸಿ ಬಟ್ಟೆ ಬೀರುವಿನಲ್ಲಿಡಿ, ಮಳೆಗಾಲದ ಮುಗ್ಗಲು ವಾಸನೆಗೆ ಆಗುತ್ತದೆ.